ಕೆಲಸ ಉಳಿದಿದೆ, ಕೆಲಸದವರನ್ನು ಕಳಿಸಿದ್ದಾರೆ



ಕೆಲವು ವರ್ಷಗಳ ಹಿಂದಿನ ಮಾತು. ಪೀಣ್ಯದ ಕಡೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳೊಬ್ಬರು ನನ್ನ ಕಚೇರಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಒಂಬತ್ತು ವರ್ಷಗಳ ಸಂಬಳ ಚೀಟಿಗಳು, ವರ್ಷಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದವು. ಒಂದು ಶನಿವಾರ ಮಧ್ಯಾಹ್ನ ಅವರನ್ನು ಎಚ್.ಆರ್. ರೂಮಿಗೆ ಕರೆದಿದ್ದಾರೆ. "ಆರ್ಡರ್ ಕಡಿಮೆಯಾಗಿದೆ ಅಮ್ಮ, ಕೆಲಸ ಇಲ್ಲ. ಇಲ್ಲಿ ಸೈನ್ ಹಾಕಿ, ಎರಡು ತಿಂಗಳ ಸಂಬಳ ನಿಮ್ಮ ಅಕೌಂಟಿಗೆ ಬರುತ್ತೆ" ಎಂದಿದ್ದಾರೆ. ಕಾಗದ ಇಂಗ್ಲಿಷಿನಲ್ಲಿತ್ತು. ಇವರು ಸಹಿ ಮಾಡಿ ಮನೆಗೆ ಬಂದಿದ್ದಾರೆ. ಸೋಮವಾರ ಸಂಜೆ, ಅದೇ ಶಿಫ್ಟಿನಲ್ಲಿದ್ದ ಪಕ್ಕದ ಮನೆಯ ಹುಡುಗಿ ಬಂದು ಹೇಳಿದ್ದು ಇಷ್ಟು: "ಅಕ್ಕ, ಏಜೆನ್ಸಿಯಿಂದ ಹೊಸಬರು ಬಂದಿದ್ದಾರೆ. ನಿಮ್ಮ ಸ್ಟೂಲಿನ ಮೇಲೇ ಒಬ್ಬಳು ಕೂತಿದ್ದಾಳೆ."

ಆ ತಾಯಿ ನನ್ನನ್ನು ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸಾರ್, ಕೆಲಸ ಇಲ್ಲ ಅಂತ ತಾನೆ ನನ್ನ ಕಳಿಸಿದ್ದು? ಕೆಲಸ ಇದೆಯಲ್ಲ ಸಾರ್?"

ಕಾನೂನು ಓದದ ಒಬ್ಬ ಹೆಣ್ಣುಮಗಳು ಕಾನೂನಿನ ಗಂಟು ಎಲ್ಲಿದೆಯೋ ಅಲ್ಲಿಗೇ ಬೆರಳಿಟ್ಟಿದ್ದರು. ಕೆಲಸ ಉಳಿದಿದೆ, ಕೆಲಸದವರನ್ನು ಮಾತ್ರ ಕಳಿಸಿ ಆ ಜಾಗಕ್ಕೆ ಗುತ್ತಿಗೆಯವರನ್ನು ತಂದು ಕೂರಿಸಿದ್ದಾರೆ. ಹೀಗಾದಾಗ ಕಾನೂನಿನಲ್ಲಿ ನಮಗೆ ಯಾವ ಯಾವ ದಾರಿಗಳಿವೆ ಎಂಬುದನ್ನು ಇಂದು ಕ್ರಮವಾಗಿ ಹೇಳುತ್ತೇನೆ.

ಮೊದಲು ಒಂದು ಮಾತನ್ನು ಬಿಡಿಸಿಕೊಳ್ಳೋಣ. ಈಗ ಎಲ್ಲರ ಬಾಯಲ್ಲೂ ಇರುವ ಶಬ್ದ 'ಲೇ ಆಫ್'. ನಮ್ಮ ದೇಶದ ಕಾನೂನಿನಲ್ಲಿ ಲೇ ಆಫ್ ಎಂದರೆ ಕೆಲಸದಿಂದ ತೆಗೆಯುವುದಲ್ಲ. ಕಚ್ಚಾ ಸಾಮಗ್ರಿ ಬಂದಿಲ್ಲ, ವಿದ್ಯುತ್ ಇಲ್ಲ, ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಕೆಲವು ದಿನ ಕೆಲಸ ಕೊಡಲಾಗದೆ ಕೂರಿಸುವುದು ಲೇ ಆಫ್. ಆಗ ಕಾರ್ಮಿಕ ಕಾರ್ಮಿಕನಾಗಿಯೇ ಇರುತ್ತಾನೆ, ಅರ್ಹರಿಗೆ ಅರ್ಧ ಸಂಬಳ ಸಿಗುತ್ತದೆ. ಶಾಶ್ವತವಾಗಿ ಮನೆಗೆ ಕಳಿಸುವುದಕ್ಕೆ ಕಾನೂನಿನ ಹೆಸರು 'ರಿಟ್ರೆಂಚ್‌ಮೆಂಟ್', ಅಂದರೆ ಉದ್ಯೋಗ ಕಡಿತ. ಶಿಸ್ತಿನ ಶಿಕ್ಷೆಯಾಗಿ ತೆಗೆಯುವುದು, ತಾನಾಗಿ ರಾಜೀನಾಮೆ ಕೊಡುವುದು, ವಯಸ್ಸಾಗಿ ನಿವೃತ್ತಿಯಾಗುವುದು, ಕರಾರಿನ ಅವಧಿ ಮುಗಿಯುವುದು, ಇಂಥ ಕೆಲವನ್ನು ಬಿಟ್ಟರೆ ಮಾಲೀಕ ಯಾವ ಕಾರಣಕ್ಕೆ ಕೆಲಸದಿಂದ ತೆಗೆದರೂ ಅದು ಉದ್ಯೋಗ ಕಡಿತವೇ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಅರ್ಜಿಯಲ್ಲಿ 'ಲೇ ಆಫ್ ಮಾಡಿದರು' ಎಂದು ಬರೆಯಬೇಡಿ, 'ಉದ್ಯೋಗ ಕಡಿತ ಮಾಡಿದರು' ಎಂದೇ ಬರೆಯಿರಿ.

ಇನ್ನು ಕಾನೂನು ಯಾವುದು? ಎಪ್ಪತ್ತೆಂಟು ವರ್ಷ ನಮ್ಮನ್ನು ಕಾಯ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಇದು ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ನಿಮ್ಮನ್ನು ತೆಗೆದ ದಿನ ಆ ತಾರೀಖಿಗೆ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಮೂಲ ರಕ್ಷಣೆಗಳು ಎರಡರಲ್ಲೂ ಬಹುಮಟ್ಟಿಗೆ ಒಂದೇ. ಆದರೆ ಗಡುವುಗಳಲ್ಲಿ, ಕಾರ್ಮಿಕರ ಸಂಖ್ಯೆಯ ಮಿತಿಗಳಲ್ಲಿ ವ್ಯತ್ಯಾಸವಿದೆ. ಅದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಈ ರಕ್ಷಣೆ ಯಾರಿಗೆ? ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಆದವರಿಗೆ. ಕೈಕೆಲಸ, ಕುಶಲ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಮಾಡುವವರೆಲ್ಲ ಇದರಲ್ಲಿ ಬರುತ್ತಾರೆ. ಅವರಿಗೆ ಸಂಬಳದ ಮಿತಿ ಇಲ್ಲ. ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ ಮಿತಿ ಇದೆ. ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ, ಹೊಸದರಲ್ಲಿ 18,000 ರೂಪಾಯಿ. ವ್ಯವಸ್ಥಾಪಕರ ಅಧಿಕಾರ ನಡೆಸುವವರು ಇದರಿಂದ ಹೊರಗೆ. ಆದರೆ ಹುದ್ದೆಯ ಹೆಸರು ನೋಡಿ ಎದೆಗುಂದಬೇಡಿ. ಗುರುತಿನ ಚೀಟಿಯಲ್ಲಿ 'ಮ್ಯಾನೇಜರ್' ಎಂದಿದ್ದರೂ ಯಾರಿಗೂ ರಜೆ ಕೊಡುವ, ಯಾರನ್ನೂ ನೇಮಿಸುವ ಅಧಿಕಾರವಿಲ್ಲದೆ ದಿನವಿಡೀ ಕಂಪ್ಯೂಟರ್ ಮುಂದೆ ತಾಂತ್ರಿಕ ಕೆಲಸವನ್ನೇ ಮಾಡುತ್ತಿದ್ದರೆ ನೀವು ಕಾರ್ಮಿಕರೆಂದು ವಾದಿಸಲು ಅವಕಾಶವಿದೆ. ಕೋರ್ಟು ನೋಡುವುದು ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ.

ಎರಡನೆಯ ಅರ್ಹತೆ, ಒಂದು ವರ್ಷದ ನಿರಂತರ ಸೇವೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷ ಎಂದೇ ಲೆಕ್ಕ. ಸಂಬಳ ಸಹಿತದ ಭಾನುವಾರಗಳನ್ನೂ ಹಬ್ಬದ ರಜೆಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೆ 240 ದಿನ ದುಡಿದೆ ಎಂದು ತೋರಿಸುವ ಹೊಣೆ ಮೊದಲು ಕಾರ್ಮಿಕನದೇ. ನಮ್ಮ ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯವರೊಬ್ಬರ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತು: ದುಡಿದೆ ಎಂದು ಪ್ರಮಾಣ ಪತ್ರ ಸಲ್ಲಿಸಿದರೆ ಸಾಲದು, ಅದಕ್ಕೆ ದಾಖಲೆ ಬೇಕು. ಅದಕ್ಕೇ ಆ ಹೆಣ್ಣುಮಗಳ ಪ್ಲಾಸ್ಟಿಕ್ ಕವರ್ ನೋಡಿ ನನಗೆ ಸಮಾಧಾನವಾಯಿತು. ರಬ್ಬರ್ ಬ್ಯಾಂಡ್ ಹಾಕಿದ ಆ ಚೀಟಿಗಳಿಲ್ಲದಿದ್ದರೆ ಅವರ ಒಂಬತ್ತು ವರ್ಷ ಬರೀ ಬಾಯಿಮಾತಾಗಿ ಉಳಿಯುತ್ತಿತ್ತು.

ಈಗ ಮುಖ್ಯ ವಿಷಯ. ಒಬ್ಬ ಕಾರ್ಮಿಕನನ್ನು ಕಡಿತ ಮಾಡುವ ಮೊದಲು ಮಾಲೀಕ ಮೂರು ಕೆಲಸ ಮಾಡಬೇಕು. ಕಾರಣ ಬರೆದು ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷವೆಂದು ಹಿಡಿಯಬೇಕು. ಸರ್ಕಾರಕ್ಕೂ ತಿಳಿಸಬೇಕು. ಪರಿಹಾರದ ಹಣ ಆಮೇಲೆ ಯಾವಾಗಲೋ ಕೊಡುವಂಥದ್ದಲ್ಲ, ತೆಗೆಯುವ ಹೊತ್ತಿಗೇ ಕೊಡಬೇಕಾದದ್ದು. ಹಾಗೆ ಮಾಡದ ಕಡಿತವನ್ನು ಕೋರ್ಟುಗಳು ಅಸಿಂಧು ಎಂದು ಮತ್ತೆ ಮತ್ತೆ ಹೇಳಿವೆ.

ಇದರ ಜೊತೆಗೆ ಸರದಿಯ ನಿಯಮವೊಂದಿದೆ. ಒಂದೇ ವರ್ಗದ ಕೆಲಸಗಾರರಲ್ಲಿ ಕಡೆಯಲ್ಲಿ ಸೇರಿದವರು ಮೊದಲು ಹೋಗಬೇಕು. ಹತ್ತು ವರ್ಷದವರನ್ನು ಕಳಿಸಿ ಎರಡು ವರ್ಷದವರನ್ನು ಉಳಿಸಿಕೊಂಡರೆ ಅದಕ್ಕೆ ಕಾರಣವನ್ನು ಬರೆದಿಡಬೇಕು. 'ಹಳಬರ ಸಂಬಳ ಹೆಚ್ಚು' ಎಂಬ ಲೆಕ್ಕಾಚಾರ ಒಳಗೊಳಗೇ ಕೆಲಸ ಮಾಡಿದ್ದರೆ ಅದು ಹೊರಬೀಳುವುದು ಈ ಸರದಿ ಪಟ್ಟಿಯಲ್ಲೇ.

ದೊಡ್ಡ ಕಾರ್ಖಾನೆ, ಗಣಿ, ತೋಟಗಳಿಗೆ ಇನ್ನೂ ಒಂದು ಕಟ್ಟುಪಾಡಿದೆ. ಅವು ಸರ್ಕಾರದ ಅನುಮತಿ ಪಡೆದೇ ಕಡಿತ ಮಾಡಬೇಕು. ಹಳೆಯ ಕಾಯ್ದೆಯಲ್ಲಿ ಈ ಮಿತಿ 100 ಕಾರ್ಮಿಕರು, ಹೊಸ ಸಂಹಿತೆಯಲ್ಲಿ 300. ಇದು ಕಾರ್ಮಿಕರಿಗೆ ಆದ ದೊಡ್ಡ ನಷ್ಟವೆಂದು ನಾನು ನಂಬಿದ್ದೇನೆ. ಇನ್ನೂರು ಜನ ದುಡಿಯುವ ಕಾರ್ಖಾನೆಯ ಬಾಗಿಲಲ್ಲಿ ಇದ್ದ ಒಂದು ಕಾವಲು ಹೋಯಿತು. ಆದರೂ 300 ದಾಟಿದ ಕಡೆ ಅನುಮತಿ ಇಲ್ಲದೆ ಮಾಡಿದ ಕಡಿತ ಮೊದಲ ದಿನದಿಂದಲೇ ಅಕ್ರಮ. ಕಾರ್ಮಿಕ ಕೆಲಸದಲ್ಲೇ ಇದ್ದಾನೆಂದು ತಿಳಿದು ಎಲ್ಲ ಸೌಲಭ್ಯ ಕೊಡಬೇಕು.

ಇಷ್ಟು ಉದ್ಯೋಗ ಕಡಿತಕ್ಕೆ ಸಾಮಾನ್ಯವಾಗಿ ಅನ್ವಯಿಸುವ ಮಾತು. ಇನ್ನು ನಮ್ಮ ಹೆಣ್ಣುಮಗಳ ಪ್ರಶ್ನೆ: ಜಾಗಕ್ಕೆ ಗುತ್ತಿಗೆಯವರು ಬಂದರೆ?

ಇಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಒಂದು ವಿಭಾಗವನ್ನು ಗುತ್ತಿಗೆಗೆ ಕೊಡುವುದೇ ಅಪರಾಧ ಎಂದು ನಮ್ಮ ಕಾನೂನು ಹೇಳುವುದಿಲ್ಲ. ವ್ಯವಹಾರವನ್ನು ಹೇಗೆ ನಡೆಸಬೇಕೆಂಬುದು ಮಾಲೀಕನ ವಿವೇಚನೆಗೆ ಬಿಟ್ಟದ್ದು, ಅದು ಪ್ರಾಮಾಣಿಕವಾಗಿದ್ದರೆ ಕೋರ್ಟು ತಲೆಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಪ್ಯಾರಿ ಕಂಪನಿಯ ಪ್ರಕರಣದಲ್ಲಿ ಹೇಳಿತು. ಆ ತೀರ್ಪಿನಲ್ಲಿ ಎಲ್ಲವೂ ನಿಂತಿರುವುದು 'ಪ್ರಾಮಾಣಿಕವಾಗಿದ್ದರೆ' ಎಂಬ ಶಬ್ದದ ಮೇಲೆ. ಆ ಪ್ರಾಮಾಣಿಕತೆಯನ್ನು ಪ್ರಶ್ನಿಸಲು ನಮಗೆ ನಾಲ್ಕು ಹಿಡಿಗಳಿವೆ.

ಮೊದಲನೆಯದು, ಕಾರಣ ಸುಳ್ಳು ಎಂದು ತೋರಿಸುವುದು. ನೋಟಿಸಿನಲ್ಲಿ 'ಕೆಲಸ ಇಲ್ಲ' ಎಂದು ಬರೆದು ಎರಡೇ ದಿನಕ್ಕೆ ಅದೇ ಮೇಜಿಗೆ ಬೇರೆಯವರನ್ನು ಕೂರಿಸಿದರೆ ಕಾರಣ ಸುಳ್ಳಾಯಿತು. ಸದುದ್ದೇಶವಿಲ್ಲದೆ, ಹಕ್ಕಿನ ನೆಪದಲ್ಲಿ ಕೆಲಸದಿಂದ ತೆಗೆಯುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿದೆ. ಮುಷ್ಕರ ಮುರಿಯುವ ಸಲುವಾಗಿ ಕಾಯಂ ಸ್ವರೂಪದ ಕೆಲಸವನ್ನು ರದ್ದು ಮಾಡಿ ಗುತ್ತಿಗೆದಾರನಿಗೆ ಕೊಡುವುದಂತೂ ಅದೇ ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಇದೆ. ಸಂಘ ಕಟ್ಟಿದ ಮೇಲೆ, ಬೇಡಿಕೆ ಸಲ್ಲಿಸಿದ ಮೇಲೆ ಈ ಕಡಿತ ನಡೆದಿದ್ದರೆ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದಿಡಿ. ನಿಮ್ಮ ಪರವಾಗಿ ಆ ತಾರೀಖುಗಳೇ ಮಾತಾಡುತ್ತವೆ.

ಎರಡನೆಯದು, ಮರುನೇಮಕದಲ್ಲಿ ಆದ್ಯತೆ. ಕಡಿತ ಮಾಡಿದ ಮಾಲೀಕ ಮತ್ತೆ ಜನರನ್ನು ತೆಗೆದುಕೊಳ್ಳುವುದಾದರೆ ಹೋದವರನ್ನೇ ಮೊದಲು ಕರೆಯಬೇಕು. ಹೊಸ ಸಂಹಿತೆ ಈ ಹಕ್ಕನ್ನು ಒಂದು ವರ್ಷದೊಳಗಿನ ನೇಮಕಗಳಿಗೆ ಸೀಮಿತ ಮಾಡಿದೆ. ಇದಕ್ಕೆ ಮಾಲೀಕ ಹೇಳುವ ಉತ್ತರ ಸಿದ್ಧವಾಗಿರುತ್ತದೆ: "ನಾನು ಯಾರನ್ನೂ ನೇಮಿಸಿಲ್ಲ, ಅವರು ಗುತ್ತಿಗೆದಾರನ ಜನ." ಅಲ್ಲಿಂದಲೇ ಮೂರನೆಯ ಹಿಡಿ ಶುರುವಾಗುತ್ತದೆ.

ಮೂರನೆಯದು, ಗುತ್ತಿಗೆಯ ಮುಸುಕು ತೆಗೆಯುವುದು. ಗುತ್ತಿಗೆದಾರ ಹೆಸರಿಗೆ ಮಾತ್ರ ಇದ್ದು, ಹಿಂದೆ ನಿಂತು ದುಡಿಸುವವನು ಕಾರ್ಖಾನೆಯ ಮಾಲೀಕನೇ ಆಗಿದ್ದರೆ ಕೋರ್ಟು ಮುಸುಕು ಸರಿಸಿ ನಿಜವಾದ ಯಜಮಾನನನ್ನು ನೋಡಬೇಕೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1978ರಲ್ಲಿ ಕೇರಳದ ಒಂದು ಹಗ್ಗದ ಕಾರ್ಖಾನೆಯ ಪ್ರಕರಣದಲ್ಲಿ ತೀರ್ಪಿತ್ತರು. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎರಡು ಮಾತು ಹೇಳಿತು. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ. ಆದರೆ ಗುತ್ತಿಗೆ ಬರೀ ತೋರಿಕೆಯದು ಎಂದು ಸಾಬೀತಾದರೆ ಅವರು ಮಾಲೀಕನ ನೇರ ನೌಕರರೇ. ಹಾಗಾದರೆ ಕೋರ್ಟು ಏನನ್ನು ನೋಡುತ್ತದೆ? ಸಂಬಳ ಯಾರು ಕೊಡುತ್ತಾರೆ? ಇವತ್ತು ಈ ಯಂತ್ರ, ನಾಳೆ ಆ ಯಂತ್ರ ಎಂದು ಹೇಳುವವರು ಯಾರು? ರಜೆ ಮಂಜೂರು ಮಾಡುವವರು, ತಪ್ಪು ಮಾಡಿದರೆ ಶಿಕ್ಷಿಸುವವರು ಯಾರು? ಇದರಲ್ಲಿ ಸಂಬಳ ಮತ್ತು ಕೆಲಸದ ಮೇಲಿನ ಹತೋಟಿ, ಇವೆರಡನ್ನು ಸುಪ್ರೀಂ ಕೋರ್ಟ್ ಮುಖ್ಯ ಒರೆಗಲ್ಲು ಮಾಡಿಕೊಂಡಿದೆ.

ನಾಲ್ಕನೆಯದು, ಆ ಕೆಲಸವನ್ನು ಗುತ್ತಿಗೆಗೆ ಕೊಡಲು ಅವಕಾಶವಿತ್ತೇ ಎಂದು ಕೇಳುವುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, ವರ್ಷವಿಡೀ ನಡೆಯುವ ಕೆಲಸಕ್ಕೆ ಗುತ್ತಿಗೆ ಬೇಡವೆಂದು ಸರ್ಕಾರ ಅಧಿಸೂಚನೆ ಹೊರಡಿಸಬಹುದಿತ್ತು. ಅದರ ಜಾಗದಲ್ಲಿ ಈಗಿರುವ ಔದ್ಯೋಗಿಕ ಸುರಕ್ಷತೆ ಸಂಹಿತೆ, ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಹಾಕುವಂತಿಲ್ಲ ಎಂದು ನೇರವಾಗಿಯೇ ಹೇಳುತ್ತದೆ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹೊಲಿಗೆ ಮೂಲ ಚಟುವಟಿಕೆ. ಕಾವಲು, ಕ್ಯಾಂಟೀನ್, ಸ್ವಚ್ಛತೆ, ತೋಟಗಾರಿಕೆ, ಸಾಮಾನು ಏರಿಸಿ ಇಳಿಸುವುದು ಸಾಮಾನ್ಯವಾಗಿ ಮೂಲ ಚಟುವಟಿಕೆ ಅಲ್ಲ. ವಾಡಿಕೆಯಲ್ಲಿ ಗುತ್ತಿಗೆಯಿಂದಲೇ ನಡೆಯುತ್ತಿದ್ದ ಕೆಲಸ, ದಿನದ ಹೆಚ್ಚು ಹೊತ್ತು ಬೇಕಾಗದ ಕೆಲಸ, ತುರ್ತಾಗಿ ಹೆಚ್ಚಿದ ಕೆಲಸ, ಇವುಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿಗಳು ಅಗಲವಾಗಿವೆ ನಿಜ. ಆದರೆ ಹತ್ತು ವರ್ಷ ಕಾಯಂ ನೌಕರರೇ ಮಾಡಿಕೊಂಡು ಬಂದ ಮೂಲ ಕೆಲಸವನ್ನು ಒಂದು ಬೆಳಗ್ಗೆ ಏಜೆನ್ಸಿಗೆ ಒಪ್ಪಿಸಿದರೆ 'ವಾಡಿಕೆ' ಎಂಬ ಮಾತು ನಿಲ್ಲುವುದು ಕಷ್ಟ.

ಇತ್ತೀಚಿನ ಒಂದು ತೀರ್ಪನ್ನು ಇಲ್ಲಿ ಹೇಳಲೇಬೇಕು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುವ, ತೋಟ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ಕೆಲವರು ಹತ್ತು, ಇಪ್ಪತ್ತು ವರ್ಷ 'ತಾತ್ಕಾಲಿಕ' ಎಂಬ ಹಣೆಪಟ್ಟಿಯಲ್ಲೇ ದುಡಿದಿದ್ದರು. 2018ರಲ್ಲಿ ಅವರನ್ನು ತೆಗೆದರು. ಆ ಮೇಲೆ ಅದೇ ಕೆಲಸ ಖಾಸಗಿ ಏಜೆನ್ಸಿಗೆ ಹೋಯಿತು. 2024ರ ಡಿಸೆಂಬರ್ 20ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಪ್ರಸನ್ನ ವರಾಳೆ ಅವರ ಪೀಠ ಆ ಕಡಿತವನ್ನು ರದ್ದು ಮಾಡಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡು ಕಾಯಂ ಮಾಡಬೇಕೆಂದು ಆದೇಶಿಸಿತು. ಪೀಠದ ತರ್ಕ ಸರಳವಾಗಿತ್ತು. ತೆಗೆದ ಮೇಲೆ ಅದೇ ಕೆಲಸವನ್ನು ಹೊರಗಿನವರಿಂದ ಮಾಡಿಸಿದ್ದೀರಿ. ಅಂದಮೇಲೆ ಆ ಕೆಲಸ ತಾತ್ಕಾಲಿಕವಾಗಿರಲಿಲ್ಲ, ಅದು ಯಾವಾಗಲೂ ಬೇಕಾದ ಕೆಲಸವೇ. ಪೀಣ್ಯದ ಹೆಣ್ಣುಮಗಳ ಪ್ರಶ್ನೆಗೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಸಿಕ್ಕ ಉತ್ತರ ಇದು. 'ಜಗ್ಗೋ ಪ್ರಕರಣ' ಎಂದರೆ ನಿಮ್ಮ ವಕೀಲರಿಗೆ ತಿಳಿಯುತ್ತದೆ. ಅದು ಸರ್ಕಾರಿ ಕಚೇರಿಯ ಪ್ರಕರಣ, ಖಾಸಗಿ ಕಾರ್ಖಾನೆಗೆ ನೇರವಾಗಿ ಅನ್ವಯಿಸದೆ ಇರಬಹುದು. ಆದರೂ ಆ ತರ್ಕವನ್ನು ಎಲ್ಲಿ ಬೇಕಾದರೂ ಮುಂದಿಡಬಹುದು.

ಇನ್ನು ನಡೆಯಬೇಕಾದ ದಾರಿ. ಮೊದಲ ಹೆಜ್ಜೆ ಅದೇ ವಾರದಲ್ಲಿ ಆಗಬೇಕು. ಮಾಲೀಕರಿಗೆ ಒಂದು ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಯಾವಾಗ ಸೇರಿದಿರಿ, ಏನು ಕೆಲಸ, ಯಾವ ದಿನ ತೆಗೆದರು, ನಿಮ್ಮ ಜಾಗದಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ, ಇಷ್ಟು ಹೇಳಿ, ಕೆಲಸಕ್ಕೆ ಮರಳಿ ತೆಗೆದುಕೊಳ್ಳಿ ಎಂದು ಕೇಳಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಲವಂತದಿಂದ ರಾಜೀನಾಮೆಗೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ಆ ದಿನವೇ, ತಪ್ಪಿದರೆ ಮರುದಿನವೇ ಬರೆದು ತಿಳಿಸಿ. ಬಲವಂತವಾಯಿತು ಎಂದು ಸಾಬೀತು ಮಾಡಬೇಕಾದವರು ನೀವೇ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಎರಡನೆಯ ಹೆಜ್ಜೆ ಕಾರ್ಮಿಕ ಇಲಾಖೆ. ಖಾಸಗಿ ಕಾರ್ಖಾನೆ, ಕಂಪನಿಗಳಿಗೆ ಸಾಮಾನ್ಯವಾಗಿ ನಮ್ಮ ರಾಜ್ಯದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಉಳಿದ ಕಡೆ ಜಿಲ್ಲೆಯ ಕಾರ್ಮಿಕ ಕಚೇರಿ. ಬ್ಯಾಂಕು, ರೈಲ್ವೆ, ವಿಮಾನ ನಿಲ್ದಾಣದಂಥ ಕಡೆಗಳಿಗೆ ಕೇಂದ್ರದ ಕಾರ್ಮಿಕ ಆಯುಕ್ತರು. ಬೆಂಗಳೂರಿನಲ್ಲಿ ಅವರ ಕಚೇರಿ ಯಶವಂತಪುರದ ಶ್ರಮ ಸದನದಲ್ಲಿದೆ. ಸಂಘವಿಲ್ಲದೆ ಒಬ್ಬರೇ ಹೋಗಬಹುದು. ಒಬ್ಬನನ್ನು ಕೆಲಸದಿಂದ ತೆಗೆದರೂ ಅದು ಕೈಗಾರಿಕಾ ವಿವಾದವೇ. ಅಧಿಕಾರಿ ಎರಡೂ ಕಡೆಯವರನ್ನು ಕರೆದು ರಾಜಿ ಸಂಧಾನ ನಡೆಸುತ್ತಾರೆ.

ರಾಜಿ ಆಗದಿದ್ದರೆ ಮೂರನೆಯ ಹೆಜ್ಜೆ, ಕಾರ್ಮಿಕ ನ್ಯಾಯಾಲಯ ಅಥವಾ ಕೈಗಾರಿಕಾ ನ್ಯಾಯಮಂಡಳಿ. ಇಲ್ಲಿ ಗಡುವನ್ನು ಗಮನಿಸಿ. ಹಳೆಯ ಕಾಯ್ದೆಯಲ್ಲಿ, ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ಕೋರ್ಟಿಗೆ ಹೋಗಬಹುದಿತ್ತು, ಅದೂ ಕೆಲಸ ಹೋದ ಮೂರು ವರ್ಷದೊಳಗೆ. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನವೇ ನಡೆಯುವುದಿಲ್ಲ. ಸಂಧಾನ ವಿಫಲವಾದ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಈ ಗಡುವುಗಳನ್ನು ಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ಒಳ್ಳೆಯ ಪ್ರಕರಣಗಳು ಬಡವಾಗುವುದು ತಡದಿಂದ.

ಅಂಗಡಿ, ಕಚೇರಿ, ವಾಣಿಜ್ಯ ಸಂಸ್ಥೆಗಳಲ್ಲಿ ದುಡಿಯುವವರಿಗೆ ಇನ್ನೊಂದು ದಾರಿಯೂ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ, ಆರು ತಿಂಗಳು ನಿರಂತರ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕಿರುವ ಅವಧಿ ಬಹಳ ಕಡಿಮೆ, ತಡಮಾಡದೆ ಕೇಳಿ ತಿಳಿಯಿರಿ.

ಹಣದ ಲೆಕ್ಕ ಒಂದನ್ನು ಹೇಳುತ್ತೇನೆ, ಬರೆದುಕೊಳ್ಳಿ. ತಿಂಗಳಿಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 18,000 ರೂಪಾಯಿ, ಸೇವೆ ಒಂಬತ್ತು ವರ್ಷ ಏಳು ತಿಂಗಳು ಎಂದಿಟ್ಟುಕೊಳ್ಳಿ. ಹತ್ತು ವರ್ಷ ಎಂದು ಹಿಡಿಯಬೇಕು. ನೋಟಿಸ್ ಸಂಬಳ 18,000. ಕಡಿತದ ಪರಿಹಾರ ವರ್ಷಕ್ಕೆ 9,000ದಂತೆ 90,000. ಗ್ರಾಚ್ಯುಟಿಯಲ್ಲಿ ತಿಂಗಳಿಗೆ 26 ದಿನದ ಲೆಕ್ಕ, ಆದ್ದರಿಂದ ವರ್ಷಕ್ಕೆ ಸುಮಾರು 10,385ರಂತೆ 1,03,846. ಹೊಸ ಸಂಹಿತೆ ಮರುಕೌಶಲ ನಿಧಿಯಿಂದ ಇನ್ನೂ 15 ದಿನಗಳ ವೇತನ ಕೊಡಿಸುತ್ತದೆ, ಅದು 9,000. ಅದು ಕಡಿತವಾದ 45 ದಿನದಲ್ಲಿ ಖಾತೆಗೆ ಬರಬೇಕು. ಒಟ್ಟು 2,20,846 ರೂಪಾಯಿ. ಇದರ ಮೇಲೆ ಬಾಕಿ ಸಂಬಳ, ಉಳಿದ ರಜೆಯ ಹಣ, ಭವಿಷ್ಯನಿಧಿ ಬೇರೆ. ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಎರಡು ತಿಂಗಳ ಸಂಬಳ, ಅಂದರೆ 36,000 ಕೊಟ್ಟು 'ಪೂರ್ತಿ ಲೆಕ್ಕ ಚುಕ್ತಾ' ಎಂದು ಬರೆಸಿಕೊಳ್ಳುವುದಕ್ಕೂ ಈ ಮೊತ್ತಕ್ಕೂ ಎಷ್ಟು ಅಂತರವಿದೆ ನೋಡಿ. ಹಣದ ಅಗತ್ಯವಿದ್ದರೆ ತೆಗೆದುಕೊಳ್ಳಿ, ಆದರೆ ರಸೀದಿಯ ಮೇಲೆ 'ನನ್ನ ಆಕ್ಷೇಪಣೆಯೊಂದಿಗೆ, ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ' ಎಂದು ಸ್ವಂತ ಅಕ್ಷರದಲ್ಲಿ ಬರೆದು ಸಹಿ ಮಾಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಬಲೆಯ ಬಗ್ಗೆ ಎಚ್ಚರಿಸಬೇಕು. "ಕೆಲಸ ಎಲ್ಲೂ ಹೋಗಲ್ಲ, ಇವತ್ತು ರಾಜೀನಾಮೆ ಕೊಡಿ, ನಾಳೆಯಿಂದ ಏಜೆನ್ಸಿ ಮೂಲಕ ಬನ್ನಿ" ಎನ್ನುತ್ತಾರೆ. ಅದೇ ಗೇಟು, ಅದೇ ಯಂತ್ರ, ಅದೇ ಸೂಪರ್‌ವೈಸರ್. ಬದಲಾಗುವುದು ಗುರುತಿನ ಚೀಟಿ. ಆ ಚೀಟಿಯ ಜೊತೆಗೆ ನಿಮ್ಮ ಹತ್ತು ವರ್ಷದ ಸೇವೆಯೂ ಹೋಗುತ್ತದೆ. ಹೊಟ್ಟೆಪಾಡಿಗಾಗಿ ಒಪ್ಪಲೇಬೇಕಾಗಿ ಬಂದರೆ, ಹಳೆಯ ಸೇವೆಯನ್ನು ಬಿಟ್ಟುಕೊಟ್ಟಿಲ್ಲ ಎಂದು ಬರೆದು ಕೊಡಿ. ಹಳೆಯ ಗುರುತಿನ ಚೀಟಿ, ನೇಮಕಾತಿ ಪತ್ರ, ಪಿ.ಎಫ್. ಪಾಸ್‌ಬುಕ್ಕಿನ ಪ್ರತಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಯಾವುದನ್ನೂ ಬಿಸಾಡಬೇಡಿ.

ಕೋರ್ಟಿಗೆ ಹೋದರೆ ಏನು ಸಿಗುತ್ತದೆ? ಕಡಿತ ಅಕ್ರಮವಾದರೆ ಹಿಂಬಾಕಿ ವೇತನದೊಂದಿಗೆ ಮರುನೇಮಕ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ದಿನಗೂಲಿಯವರ ಪ್ರಕರಣಗಳಲ್ಲಿ, ಲೋಪ ಬರೀ ವಿಧಿವಿಧಾನದ್ದಾಗಿದ್ದರೆ, ಕೆಲಸದ ಬದಲು ಒಂದು ಮೊತ್ತದ ಪರಿಹಾರ ಕೊಡಿಸುವುದೂ ಉಂಟು. ಮರುನೇಮಕದ ಆದೇಶವಾಗಿ ಮಾಲೀಕ ಮೇಲಿನ ಕೋರ್ಟಿಗೆ ಹೋದರೆ, ನಿಮಗೆ ಬೇರೆ ಕೆಲಸವಿಲ್ಲದಿದ್ದಲ್ಲಿ ಪ್ರಕರಣ ಮುಗಿಯುವವರೆಗೆ ಕೊನೆಯ ಸಂಬಳ ಕೊಡುತ್ತಿರಬೇಕು. ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ, ಇದನ್ನು ಮುಚ್ಚಿಡುವುದಿಲ್ಲ. ಆ ಪೀಣ್ಯದ ಹೆಣ್ಣುಮಗಳು ಸಹಿ ಮಾಡಿದ ಕಾಗದ ಓದಿ ನೋಡಿದಾಗ ಅದು 'ಸ್ವಂತ ಕಾರಣಗಳಿಂದ ರಾಜೀನಾಮೆ' ಆಗಿತ್ತು. ಅವರು ಹತ್ತು ದಿನದೊಳಗೆ ಬಂದಿದ್ದರಿಂದ ನಾವು ಕೂಡಲೇ ಆಕ್ಷೇಪಣೆ ಕಳಿಸಿ ಸಂಧಾನಾಧಿಕಾರಿಯ ಮುಂದೆ ಹೋದೆವು. ಸಂಬಳ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಮಾತಿನ ಧಾಟಿ ಬದಲಾಯಿತು. ಕೆಲಸ ಮರಳಿ ಬರಲಿಲ್ಲ. ಕಾನೂನಿನ ಪ್ರಕಾರ ಬರಬೇಕಾದ ಹಣ ಪೂರ್ತಿ ಬಂತು. ಮನೆಗೆ ಹೊರಡುವ ಮುನ್ನ ಅವರು ಖಾಲಿಯಾದ ಕವರಿಗೆ ಚೀಟಿಗಳನ್ನು ಮತ್ತೆ ತುಂಬಿಕೊಂಡರು.

ವಕೀಲರ ಫೀಜಿಗೆ ಹೆದರಿ ಸುಮ್ಮನಿರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಅದರಲ್ಲಿ ಮಹಿಳೆಯರಿದ್ದಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿದ್ದಾರೆ, ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಈ ವರ್ಗದವರು ವರಮಾನದ ಪ್ರಮಾಣ ಪತ್ರ ತೋರಿಸಬೇಕಾಗಿಲ್ಲ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಈ ಪ್ರಾಧಿಕಾರದ ಕಚೇರಿ ಇದೆ. ಫೋನ್ ಸಂಖ್ಯೆ 15100. ಕಾರ್ಮಿಕ ಸಂಘದ ಪದಾಧಿಕಾರಿಯೂ ನಿಮ್ಮ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲಬಹುದು. ಹತ್ತು ಜನ ಒಟ್ಟಿಗೆ ಕೆಲಸ ಕಳೆದುಕೊಂಡಿದ್ದರೆ ಹತ್ತು ಜನವೂ ಒಟ್ಟಿಗೇ ಹೋಗಿ.

ಕೇಳುಗರೆ, ಏಜೆನ್ಸಿಯಿಂದ ಬಂದು ನಿಮ್ಮ ಸ್ಟೂಲಿನ ಮೇಲೆ ಕೂತ ಆ ಹುಡುಗಿಯ ಮೇಲೆ ಸಿಟ್ಟು ಬೇಡ. ಅವಳು ನಿಮಗಿಂತ ಕಡಿಮೆ ಸಂಬಳಕ್ಕೆ, ನಿಮಗಿಂತ ಕಡಿಮೆ ಭದ್ರತೆಯಲ್ಲಿ ದುಡಿಯುತ್ತಿರಬಹುದು. ಗುತ್ತಿಗೆದಾರ ಅವಳಿಗೆ ಸಂಬಳ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕೆಂಬ ಕಾನೂನನ್ನು ಸಾಧ್ಯವಾದರೆ ನೀವೇ ಅವಳಿಗೆ ತಿಳಿಸಿ.

ಕೊನೆಯದಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಎಚ್.ಆರ್. ರೂಮಿಗೆ ಕರೆದು ಕಾಗದ ಮುಂದಿಟ್ಟಾಗ, "ಮನೆಗೆ ತೆಗೆದುಕೊಂಡು ಹೋಗಿ ಓದಿಸಿ, ಆಮೇಲೆ ಹೇಳುತ್ತೇನೆ" ಎನ್ನಿ. ಅದೇ ದಿನ ಸಹಿ ಮಾಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ನೇಮಕಾತಿ ಪತ್ರವನ್ನೂ ಸಂಬಳ ಚೀಟಿಗಳನ್ನೂ ಹುಡುಕಿ ಒಂದು ಕವರಿನಲ್ಲಿ ಜೋಡಿಸಿಡಿ. ಕೆಲಸ ಭದ್ರವಾಗಿದೆ ಎಂದುಕೊಂಡವರೂ ಇಡಿ.